ತಂಬಿಗೆಯೋ, ಬಾಗಿಲೋ, ಪಟವೋ: ಮನೆಗೆ ಹಳೆಯ ವಸ್ತು ಆರಿಸುವ ಮುಂಚೆ

ನಮ್ಮ ಪಡಸಾಲೆಯ ಗೋಡೆಗೂಡಿನಲ್ಲಿ ಎರಡು ವಸ್ತು ಅಕ್ಕಪಕ್ಕ ಕೂತಿವೆ. ಒಂದು ಅಪ್ಪನ ಕಡೆಯಿಂದ ಬಂದ ಹಿತ್ತಾಳೆಯ ಪಾನ್‌ದಾನ್. ಅದರೊಳಗೆ ಚಾರ್‌ಮಿನಾರ್ ಚಿತ್ರ ಇರುವ ನಾಲ್ಕು ನಾಣ್ಯ. ಇನ್ನೊಂದು ಅವ್ವನ ತವರು ಬಳ್ಳಾರಿಯಿಂದ ಬಂದ ಪಿಂಗಾಣಿ ಜಾಡಿ. ಅದರೊಳಗೆ ಜಾರ್ಜ್ ದೊರೆಯ ಮುಖದ ಬೆಳ್ಳಿ ರೂಪಾಯಿ. ಎರಡೂ ಮನೆಗಳ ನಡುವೆ ಇದ್ದದ್ದು ಒಂದು ತುಂಗಭದ್ರೆ, ಅಷ್ಟೇ. ಆದರೆ 1948ರವರೆಗೆ ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಹೊಳೆಯ ಈ ಕಡೆ ಹೈದರಾಬಾದಿನ ಸಾಮಾನು ಬಂತು, ಆ ಕಡೆ ಮದ್ರಾಸಿನ ಸಾಮಾನು ಬಂತು.

ಇದನ್ನು ಮೊದಲೇ ಹೇಳಲು ಕಾರಣ ಇದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಹಳೆಯ ವಸ್ತು ಕೂಡಿಸಬೇಕು ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಹೊಸ ಮನೆ ಕಟ್ಟಿಸಿದವರು ಹಾಲಿಗೆ ಏನಾದರೂ ಹಳೇದು ಬೇಕು ಅನ್ನುತ್ತಾರೆ. ಆಮೇಲೆ ದೂರದ ಊರಿನ ಶೋರೂಮಿಗೆ ಹೋಗಿ, ಎಲ್ಲಿಯದೋ ಒಂದು ವಸ್ತುವಿಗೆ ದೊಡ್ಡ ದುಡ್ಡು ಕೊಟ್ಟು ಬರುತ್ತಾರೆ. ಅದೇ ವಾರ ಅವರ ಓಣಿಯಲ್ಲೇ ಯಾರೋ ಅಜ್ಜಿಯ ಕಾಲದ ಹಂಡೆಯನ್ನು ತೂಕಕ್ಕೆ ಹಾಕಿರುತ್ತಾರೆ. ಎಲ್ಲಿಯ ವಸ್ತು, ಯಾರ ಮನೆಯದು ಅಂತ ಕೇಳಿದರೆ ಉತ್ತರ ಸಿಗುವಂಥದ್ದನ್ನೇ ಮೊದಲು ತನ್ನಿ ಅನ್ನುವುದು ನನ್ನ ಮಾತು. ಆ ಲೆಕ್ಕದಲ್ಲೇ ಒಂದೊಂದನ್ನೂ ಹೋಲಿಸುತ್ತೇನೆ.

ಅಂಗಡಿಯವರು ಆಂಟಿಕ್, ವಿಂಟೇಜ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ನೂರು ವರ್ಷ ದಾಟಿದ್ದು ಆಂಟಿಕ್. ನಮ್ಮ ಅಜ್ಜ, ಅಪ್ಪಂದಿರ ಕಾಲದ ರೇಡಿಯೋ, ಗಡಿಯಾರ, ಲಾಟೀನು ವಿಂಟೇಜ್. ಮನೆಯ ಅಂದಕ್ಕೆ ಎರಡೂ ಒಂದೇ. ಬೆಲೆಗೆ ಮತ್ತು ಕಾನೂನಿಗೆ ಮಾತ್ರ ಒಂದೇ ಅಲ್ಲ. ಕಾನೂನಿನ ಮಾತು ಮುಂದೆ ಬರುತ್ತದೆ.

ಹಿತ್ತಾಳೆ, ತಾಮ್ರ, ಕಂಚು

ಮೊದಲ ಸಲ ಕೊಳ್ಳುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಪಾತ್ರೆಗಳನ್ನು. ಹಂಡೆ, ಕೊಡ, ತಂಬಿಗೆ, ಗಂಗಾಳ, ಪರಾತ, ಸಮೆ (ದೀಪದ ಕಂಬ), ಸೇರು, ಪಾವು. ನಮ್ಮ ಬಿಸಿಲಿಗೆ ಇವು ಹೆದರುವುದಿಲ್ಲ. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಮರ ಸೀಳುತ್ತದೆ, ಕಾಗದ ಸೊಟ್ಟಾಗುತ್ತದೆ. ಹಿತ್ತಾಳೆಗೆ ಏನೂ ಆಗುವುದಿಲ್ಲ. ಧೂಳು ಕೂತರೆ ಒರೆಸಿದರೆ ಆಯಿತು. ಆರಿಸುವಾಗ ಮೋಸ ಹೋದರೂ ಲೋಹದ ತೂಕದ ಬೆಲೆಯಾದರೂ ಕೈಯಲ್ಲಿ ಉಳಿಯುತ್ತದೆ. ಮರಕ್ಕೆ, ಪಟಕ್ಕೆ ಈ ಆಸರೆ ಇಲ್ಲ.

ಮೂರರಲ್ಲಿ ಯಾವುದು? ತಾಮ್ರಕ್ಕೆ ಸತು ಬೆರೆಸಿದರೆ ಹಿತ್ತಾಳೆ, ತವರ ಬೆರೆಸಿದರೆ ಕಂಚು. ಗುರುತಿಸಲು ಕಿವಿ ಸಾಕು. ಕಂಚಿನ ಗಂಗಾಳವನ್ನು ಬೆರಳ ತುದಿಯ ಮೇಲೆ ಕೂರಿಸಿ ಅಂಚಿಗೆ ಉಗುರಿನಿಂದ ತಟ್ಟಿ. ಠಣ್ ಅನ್ನುವ ನಾದ ಬಹಳ ಹೊತ್ತು ನಿಲ್ಲುತ್ತದೆ. ಹಿತ್ತಾಳೆಯ ಸದ್ದು ಬೇಗ ಸಾಯುತ್ತದೆ. ಕಂಚಿನ ನಾದ ಗರಗರ ಅಂದರೆ ಎಲ್ಲೋ ಕೂದಲೆಳೆಯ ಬಿರುಕು ಇದೆ. ಕಂಚು ಗಟ್ಟಿ, ಆದರೆ ಪೆಡಸು. ಕೈಜಾರಿ ಬಿದ್ದರೆ ಸೀಳಬಹುದು. ಹಿತ್ತಾಳೆ ಬಿದ್ದರೆ ನೆಗ್ಗುತ್ತದೆ, ಅಷ್ಟೇ. ಅದಕ್ಕೇ ಚಿಕ್ಕ ಮಕ್ಕಳಿರುವ ಮನೆಗೆ ಹಿತ್ತಾಳೆ, ಎತ್ತರದ ಗೂಡಿಗೆ ಕಂಚು. ತಾಮ್ರದ ಬಣ್ಣ ಮೂರರಲ್ಲೂ ಚೆಂದ. ಆದರೆ ಅದು ಬೇಗ ಕಪ್ಪಾಗುತ್ತದೆ, ತೇವ ನಿಂತಲ್ಲಿ ಹಸಿರು ಕಿಲುಬು ಹತ್ತುತ್ತದೆ.

ಹಳೆಯದೋ ಹೊಸದೋ ತಿಳಿಯಲು ಪಾತ್ರೆಯನ್ನು ಬೋರಲು ಹಾಕಿ ನೋಡಿ. ತಳ ಎಂದೂ ಸುಳ್ಳು ಹೇಳುವುದಿಲ್ಲ. ಬಡಿದು ಮಾಡಿದ ಹಳೆಯ ಕೊಡ ಎರಡು ಮೂರು ತುಂಡು ಕೂಡಿಸಿದ್ದಾಗಿರುತ್ತದೆ. ಕೂಡಿಸಿದ ಕಡೆ ಹಲ್ಲಿಗೆ ಹಲ್ಲು ಕಚ್ಚಿದಂತೆ ಬೆಸುಗೆಯ ಗೆರೆ ಕಾಣುತ್ತದೆ. ಒಳಗೆ ಕೈ ಹಾಕಿದರೆ ಸುತ್ತಿಗೆಯ ಪೆಟ್ಟಿನ ಸಣ್ಣ ತಗ್ಗುಗಳು ಬೆರಳಿಗೆ ಸಿಗುತ್ತವೆ. ಯಂತ್ರದ ಪಾತ್ರೆಯಲ್ಲಿ ಒಂದೇ ಸಮನಾದ ಉಂಗುರದ ಗೆರೆಗಳು, ಎಲ್ಲ ಕಡೆ ಒಂದೇ ದಪ್ಪ. ಸವೆತವನ್ನೂ ನೋಡಿ. ನಿಜವಾಗಿ ಬಳಸಿದ ತಂಬಿಗೆ ಹಿಡಿಯುವ ಕಡೆ ಸವೆದಿರುತ್ತದೆ, ತಳದ ಅಂಚಿನಲ್ಲಿ ಸವೆದಿರುತ್ತದೆ. ಕೈ ಹೋಗದ ಮೂಲೆಯಲ್ಲಿ ಸವೆದಿರುವುದಿಲ್ಲ. ಔಷಧಿ ಹಚ್ಚಿ ಹಳೇದು ಮಾಡಿದ ಪಾತ್ರೆ ಎಲ್ಲ ಕಡೆ ಒಂದೇ ಸಮ ಕಪ್ಪಾಗಿರುತ್ತದೆ. ಒದ್ದೆ ಬಟ್ಟೆಯಿಂದ ಜೋರಾಗಿ ತಿಕ್ಕಿದರೆ ಬಟ್ಟೆಗೆ ಹಸಿರು ಪುಡಿ ಹತ್ತುತ್ತದೆ. ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್ ಇರಲಿ. ಅದು ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆಯ ನೀರು.

ನನಗೆ ಎಲ್ಲಕ್ಕಿಂತ ಪ್ರೀತಿಯ ಗುರುತು ಹೆಸರು. ಮದುವೆಗೆ ಕೊಟ್ಟ ಪಾತ್ರೆಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುತ್ತಿದ್ದರು. ಕೊಟ್ಟವರ ಹೆಸರು, ಊರು, ಕೆಲವು ಸಲ ತಾರೀಖು. ನಮ್ಮ ಕಡೆ ಸಿಗುವ ಪಾತ್ರೆಗಳಲ್ಲಿ ಕನ್ನಡ ಇರುತ್ತದೆ, ತೆಲುಗು ಇರುತ್ತದೆ, ಉರ್ದು ಅಕ್ಷರವೂ ಇರುತ್ತದೆ. ಪಾಲಿಶ್ ಮಾಡುವವರು ಹೆಸರು ಉಜ್ಜಿ ತೆಗೆಯಲೇ ಅಂತ ಕೇಳುತ್ತಾರೆ. ದಯವಿಟ್ಟು ಬೇಡ ಅನ್ನಿ. ಒಂದೇ ತೂಕದ ಎರಡು ತಂಬಿಗೆ ಮುಂದಿದ್ದರೆ, ಒಂದು ಥಳಥಳ ಹೊಳೆಯುತ್ತಿದ್ದರೆ, ಇನ್ನೊಂದು ನೆಗ್ಗಿದ್ದರೂ ಹೆಸರು ಹೊತ್ತಿದ್ದರೆ, ನಾನು ನೆಗ್ಗಿದ್ದನ್ನೇ ತರುತ್ತೇನೆ.

ಉಜ್ಜುವ ವಿಷಯ. ಪೂಜೆಗೆ, ನೀರಿಗೆ ಬಳಸುವ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತೊಳೆಯಿರಿ, ತಪ್ಪಿಲ್ಲ. ಆದರೆ ತೊಳೆದ ಮೇಲೆ ಹುಳಿಯ ಅಂಶ ಉಳಿಯದಂತೆ ನೀರು ಹಾಕಿ, ಕೂಡಲೇ ಒರೆಸಿ. ಅಂದಕ್ಕೆ ಇಟ್ಟ ವಸ್ತುವಿಗೆ ಅಷ್ಟು ತಿಕ್ಕಾಟ ಬೇಕಿಲ್ಲ. ಎಷ್ಟೋ ದಶಕ ಕೂತು ಬಂದ ಕಂದು ಛಾಯೆ ಅದರ ಚರ್ಮ ಇದ್ದಂತೆ. ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಅಡುಗೆಗೂ ಬಳಸುವ ಆಸೆ ಇದ್ದರೆ ಮೊದಲು ಕಲಾಯಿ ಹಾಕಿಸಿ. ಕಾಯಿಸಿದ ಪಾತ್ರೆಗೆ ನವಸಾಗರ ಹಾಕಿ, ತವರ ಸವರಿ, ಹತ್ತಿಯಿಂದ ತೀಡುವ ಕೆಲಸ ಅದು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಸಾರು ಕುದಿಸಿದರೆ ಲೋಹ ಸಾರಿಗೆ ಇಳಿಯುತ್ತದೆ.

ಬಿದರಿ ಬೇಕಾದರೆ

ರಾಯಚೂರು, ಕೊಪ್ಪಳದ ಹಳೇ ಮನೆಗಳಲ್ಲಿ ಅಪರೂಪಕ್ಕೆ ಬಿದರಿಯ ಹೂದಾನಿ, ಹುಕ್ಕಾದ ತಳ, ಎಲೆ ಡಬ್ಬಿ ಸಿಗುತ್ತವೆ. ಎಲ್ಲ ನಿಜಾಮರ ಕಾಲದ ನಂಟು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ಅದ್ದಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹಿತ್ತಾಳೆಗೆ ಹೋಲಿಸಿದರೆ ಇದು ನಾಜೂಕು. ಹುಣಸೆಹಣ್ಣು, ಪಾಲಿಶ್ ಪುಡಿ ಎರಡೂ ತಾಕಬಾರದು. ಕಪ್ಪು ಹೋದರೆ ಮುಗಿಯಿತು. ಒಣ ಬಟ್ಟೆ, ವರ್ಷಕ್ಕೆ ಒಂದೆರಡು ಸಲ ಒಂದು ಹನಿ ಎಣ್ಣೆ, ಅಷ್ಟೇ ಸಾಕು.

ನಕಲಿಯೂ ಇದೆ. ಅಲ್ಯೂಮಿನಿಯಂ ಮೇಲೆ ಕಪ್ಪು ಬಳಿದು ಬೆಳ್ಳಿ ಬಣ್ಣದ ಹೂ ಬಿಡಿಸಿರುತ್ತಾರೆ. ಕೈಗೆತ್ತಿಕೊಂಡರೆ ಹಗುರ ಅನ್ನಿಸುತ್ತದೆ. ಅಸಲಿ ಬಿದರಿ ಗಾತ್ರಕ್ಕಿಂತ ಭಾರ. ಮೊದಲ ವಸ್ತುವಾಗಿ ಇದನ್ನು ಕೊಳ್ಳಬೇಡಿ. ಐದಾರು ಪಾತ್ರೆ ತಂದು ಕೈ ಪಳಗಿದ ಮೇಲೆ ಇದಕ್ಕೆ ಬನ್ನಿ.

ಮರ: ಆಸೆ ದೊಡ್ಡದು, ಜಾಗವೂ ದೊಡ್ಡದು ಬೇಕು

ಹಳೇ ವಾಡೆ, ಮಾಳಿಗೆ ಮನೆ ಬೀಳಿಸುವಾಗ ತೇಗದ ಬಾಗಿಲು, ಚೌಕಟ್ಟು, ಕಂಬ, ಬೋದಿಗೆ ಹೊರಗೆ ಬರುತ್ತವೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಹಾಗಂತ ಕೂಡಲೇ ಕೊಳ್ಳಬೇಡಿ. ಹಿಂದಿನ ಬಾಗಿಲು ಈಗಿನ ಅಳತೆಗೆ ಕೂರುವುದಿಲ್ಲ, ಎತ್ತರ ಕಡಿಮೆ, ದಪ್ಪ ಜಾಸ್ತಿ. ಅದನ್ನು ಕೊಯ್ದು ಸರಿಮಾಡಿದರೆ ಕೆತ್ತನೆಯ ಒಂದು ಸಾಲು ಹೋಗುತ್ತದೆ. ಮೇಜು ಮಾಡಿಸುತ್ತೇನೆ ಅಂತ ಬಾಗಿಲು ಕೊಂಡು, ಹಿತ್ತಲಲ್ಲಿ ಗೋಡೆಗೆ ಆನಿಸಿ, ಎರಡು ಮಳೆಗಾಲಕ್ಕೆ ಗೆದ್ದಲಿಗೆ ಕೊಟ್ಟವರನ್ನು ಕಣ್ಣಾರೆ ಕಂಡಿದ್ದೇನೆ. ಎಲ್ಲಿ ಕೂರಿಸುತ್ತೀರಿ ಅನ್ನುವುದು ಮೊದಲು ತೀರ್ಮಾನ ಆಗಲಿ, ಅಳತೆ ಟೇಪು ಜೊತೆಗಿರಲಿ. ಅಂಥ ಜಾಗ ಇಲ್ಲದವರಿಗೆ ಸಣ್ಣ ಮರದ ವಸ್ತುಗಳೇ ಮೇಲು. ಅಡ್ಡಣಿಗೆ, ಮಸಾಲೆ ಪೆಟ್ಟಿಗೆ, ಲೆಕ್ಕದ ಪೆಟ್ಟಿಗೆ, ಶ್ಯಾವಿಗೆ ಮಣೆ, ತೊಟ್ಟಿಲು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಸಿಕ್ಕರಂತೂ ಬಿಡಬೇಡಿ. ಆದರೆ ಬಣ್ಣ ಮೂಲದ್ದೇ ಅಂತ ನೋಡಿಕೊಳ್ಳಿ.

ಮರದಲ್ಲಿ ಮೋಸ ಹುಡುಕುವುದು ಕಾಣದ ಜಾಗದಲ್ಲಿ. ಖಾನೆಯನ್ನು ಪೂರ್ತಿ ಹೊರಗೆಳೆದು ಅದರ ಬೆನ್ನು ನೋಡಿ. ಕೈಗರಗಸದ ಗೆರೆ ನೇರ ಮತ್ತು ಏರುಪೇರು. ಯಂತ್ರದ ದುಂಡು ಗರಗಸ ಬಿಲ್ಲಿನಂತೆ ಬಾಗಿದ ಗೆರೆ ಬಿಡುತ್ತದೆ. ತಲೆಯ ಮೇಲೆ ಕೂಡಿಸುವ ಚಿಹ್ನೆ ಇರುವ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. 'ನೂರೈವತ್ತು ವರ್ಷದ ಪೆಟ್ಟಿಗೆ'ಯಲ್ಲಿ ಆ ಸ್ಕ್ರೂ ಕಂಡರೆ, ಒಂದೋ ರಿಪೇರಿ ಆಗಿದೆ, ಇಲ್ಲ ವಯಸ್ಸು ಸುಳ್ಳು. ಕೇಳಿ ನೋಡಿ, ಉತ್ತರ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಹುಳುವಿನ ತೂತು ಇದ್ದರೆ ತಕ್ಷಣ ಬೇಡ ಅನ್ನಬೇಕಿಲ್ಲ. ಕೆಳಗೆ ಬಿಳಿ ಕಾಗದ ಹಾಸಿ ಮರವನ್ನು ತಟ್ಟಿ. ತಿಳಿ ಬಣ್ಣದ ಹೊಸ ಹಿಟ್ಟು ಉದುರಿದರೆ ಒಳಗೆ ಹುಳು ಇನ್ನೂ ಇದೆ. ಅದನ್ನು ಮನೆಯೊಳಗೆ ತಂದರೆ ಉಳಿದ ಮರಕ್ಕೂ ಹತ್ತುತ್ತದೆ. ಇನ್ನೊಂದು ಮಾತು ನಮ್ಮ ಊರುಗಳಿಗೇ ಸೇರಿದ್ದು. ಬೇಸಿಗೆಯಲ್ಲಿ ಎಲ್ಲರ ಮನೆಯಲ್ಲೂ ಕೂಲರ್ ಓಡುತ್ತದೆ. ಅದರ ಎದುರು ಹಳೇ ಮರ ಇಡಬೇಡಿ. ರಾತ್ರಿ ತೇವಕ್ಕೆ ಉಬ್ಬಿ, ಹಗಲು ಸೆಕೆಗೆ ಒಣಗಿ, ಒಂದೇ ಬೇಸಿಗೆಯಲ್ಲಿ ಕೀಲು ಸಡಿಲಾಗುತ್ತದೆ.

ಪಟಗಳು

ರಾಜಾ ರವಿವರ್ಮರ ಮುದ್ರಣಾಲಯ 1894ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಆಮೇಲೆ ಲೋಣಾವಳದ ಹತ್ತಿರಕ್ಕೆ ಹೋಯಿತು. ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿ, ದಮಯಂತಿಯರ ಪಟಗಳು ದೇಶದ ಮೂಲೆಮೂಲೆಯ ಮನೆಗೆ ಹೋದವು. ನಮ್ಮ ಕಡೆಯ ಹಳೇ ಪಡಸಾಲೆಗಳಲ್ಲೂ ಇವೆ. ಕೆಲವಕ್ಕೆ ಮನೆಯ ಹೆಣ್ಣುಮಕ್ಕಳು ಸೀರೆಯ ಜಾಗಕ್ಕೆ ಜರಿ ಅಂಟಿಸಿ ಅಲಂಕಾರ ಮಾಡಿದ್ದಾರೆ.

ಇಲ್ಲಿ ಹಿತ್ತಾಳೆಗಿಂತ ಹತ್ತು ಪಟ್ಟು ಎಚ್ಚರ ಬೇಕು, ಯಾಕೆಂದರೆ ನಕಲು ಮಾಡುವುದು ತುಂಬಾ ಸುಲಭ. ಒಂದು ಭೂತಗನ್ನಡಿ ಒಯ್ಯಿರಿ. ಆ ಕಾಲದ ಪಟವನ್ನು ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು ಬಳಸಿ ಒತ್ತುತ್ತಿದ್ದರು. ಗನ್ನಡಿಯಲ್ಲಿ ಬಣ್ಣದ ಚುಕ್ಕಿಗಳು ಕೈಯಲ್ಲಿ ಇಟ್ಟಂತೆ ಚೆಲ್ಲಾಪಿಲ್ಲಿ ಕಾಣುತ್ತವೆ. ಈಗಿನ ಆಫ್‌ಸೆಟ್ ಪ್ರಿಂಟಿನಲ್ಲಿ ಚುಕ್ಕಿಗಳು ಸಾಲಾಗಿ, ಹೂವಿನಂತೆ ಒಂದೇ ಲೆಕ್ಕದಲ್ಲಿ ಕೂತಿರುತ್ತವೆ. ಒಮ್ಮೆ ಎರಡನ್ನೂ ಅಕ್ಕಪಕ್ಕ ನೋಡಿದರೆ ಮತ್ತೆ ಮೋಸ ಹೋಗುವುದಿಲ್ಲ. ಹಳೇ ಚೌಕಟ್ಟಿಗೆ ಹೊಸ ಪ್ರಿಂಟ್ ತುಂಬಿ ಮಾರುವುದೂ ಇದೆ. ಹಿಂದಿನ ಹಲಗೆ ಬಿಚ್ಚಿ ತೋರಿಸಲು ಒಪ್ಪದಿದ್ದರೆ ಬಿಟ್ಟು ಬನ್ನಿ.

ನನ್ನದೊಂದು ನೋವು ಹೇಳಲೇಬೇಕು. ಅವ್ವನ ತವರಿನ ಒಂದು ಲಕ್ಷ್ಮಿ ಪಟದ ಗಾಜು ಒಡೆದಿತ್ತು. ಚೌಕಟ್ಟು ಹಾಕುವವರ ಕೈಗೆ ಕೊಟ್ಟು ಬಂದೆ. ಚೆನ್ನಾಗಿರಲಿ ಅಂತ ಅವರು ಕಾಗದವನ್ನು ಗೋಂದು ಹಾಕಿ ಪ್ಲೈವುಡ್ಡಿಗೆ ಅಂಟಿಸಿಬಿಟ್ಟರು, ಮೇಲೆ ಲ್ಯಾಮಿನೇಶನ್ ಬೇರೆ. ಅವರಿಗೆ ಕೆಟ್ಟ ಮನಸ್ಸು ಇರಲಿಲ್ಲ, ನಾನು ಹೇಳಿರಲಿಲ್ಲ. ಈಗ ಅದನ್ನು ಬಿಡಿಸಲು ಆಗುವುದಿಲ್ಲ, ಎರಡು ಕಡೆ ಗುಳ್ಳೆ ಎದ್ದಿದೆ. ಆದ್ದರಿಂದ ಪಟ ರಿಪೇರಿಗೆ ಕೊಡುವಾಗ ಮೂರು ಮಾತು ಹೇಳಿ: ಅಂಟಿಸಬೇಡಿ, ಕತ್ತರಿಸಬೇಡಿ, ಗಾಜು ಕಾಗದಕ್ಕೆ ತಾಕದಂತೆ ನಡುವೆ ರಟ್ಟಿನ ಅಂಚು ಇಡಿ. ಬಿಸಿಲು ಬೀಳುವ ಗೋಡೆ ಬೇಡ, ಬಚ್ಚಲಿಗೆ ಹೊಂದಿದ ಗೋಡೆಯೂ ಬೇಡ.

ಕಿನ್ನಾಳ: ಹಳೆಯದಕ್ಕಿಂತ ಹೊಸದು

ಇಲ್ಲಿ ಮಾತ್ರ ನನ್ನ ಸಲಹೆ ತಿರುಗುಮುರುಗು. ಕಿನ್ನಾಳ ಕೊಪ್ಪಳ ತಾಲ್ಲೂಕಿನ ಹಳ್ಳಿ. ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಅಲ್ಲಿ ಮರದ ಗೊಂಬೆ, ದೇವರ ವಾಹನ, ಮುಖವಾಡ ಮಾಡುತ್ತಿವೆ. ವಿಜಯನಗರದ ಕಾಲದಿಂದ ಬಂದ ಕಸುಬು ಅನ್ನುವ ನಂಬಿಕೆ ಅವರದು. ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಹಳೇ ಕಿನ್ನಾಳ ಗೊಂಬೆ ಹುಡುಕುತ್ತೇನೆ ಅಂತ ಹೊರಡುವವರಿಗೆ ಎರಡು ತೊಡಕು. ನಿಜವಾಗಿ ಹಳೆಯದಾದದ್ದು ಹೆಚ್ಚಾಗಿ ಗುಡಿಗೆ ಸೇರಿದ ಸಾಮಾನು, ವಾಹನ, ಪಲ್ಲಕ್ಕಿಯ ಭಾಗ, ದೇವರ ಮುಖ. ಅದು ಮಾರಾಟಕ್ಕೆ ಬಂದಿದೆ ಅಂದರೆ ಎಲ್ಲಿಂದ ಎದ್ದು ಬಂತು ಅನ್ನುವ ಪ್ರಶ್ನೆ ಬರುತ್ತದೆ. ಎರಡನೆಯದು, ಅದರ ಮೈ. ಹಗುರವಾದ ಮರದ ತುಂಡುಗಳನ್ನು ಅಂಟಿಸಿ, ಸೆಣಬಿನ ಚಿಂದಿ ನೆನೆಸಿ ಪುಡಿಮಾಡಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಮೆತ್ತುತ್ತಾರೆ. ಒಡವೆಯ ಉಬ್ಬುಗಳಿಗೆ ಕಲ್ಲಿನ ಪುಡಿಯ ಸರಿ. ಅದರ ಮೇಲೆ ಬಣ್ಣ. ಇಷ್ಟು ಪದರ ಇರುವ ವಸ್ತು ನಮ್ಮ ಸೆಕೆಯಲ್ಲಿ ವಯಸ್ಸಾದಂತೆ ಸಿಪ್ಪೆ ಏಳುತ್ತದೆ. ಅನುಭವ ಇಲ್ಲದವರು ಅದಕ್ಕೆ ಅಂಗಡಿಯ ಪೇಂಟ್ ಬಳಿದರೆ ವಸ್ತುವೂ ಹೋಯಿತು, ಬೆಲೆಯೂ ಹೋಯಿತು.

ಹಾಗಾಗಿ ಹೊಸದನ್ನೇ ತನ್ನಿ, ಊರಿಗೇ ಹೋಗಿ ಮಾಡುವವರ ಕೈಯಿಂದಲೇ ತನ್ನಿ. ಒಂದು ಗರುಡ, ಒಂದು ಗೌರಿ, ಒಂದು ಆನೆ. ದುಡ್ಡು ಪೂರ್ತಿ ಕೆಲಸಗಾರರಿಗೆ ಹೋಗುತ್ತದೆ. ಗೊಂಬೆ ಕೊಟ್ಟವರ ಹೆಸರು ನಿಮಗೆ ಗೊತ್ತಿರುತ್ತದೆ. ತವರದ ಹಾಳೆಯಿಂದ ಬಂಗಾರದ ಹೊಳಪು ತರುವ ಲಾಜವಾರ ಕೆಲಸ ಗೊತ್ತಿರುವವರು ಸಿಕ್ಕರೆ ಅದನ್ನೇ ಮಾಡಿಸಿ, ಸಮಯ ಕೊಡಿ, ಅವಸರ ಮಾಡಬೇಡಿ. ಮನೆಗೆ ತಂದ ಮೇಲೆ ನೀರು ತಾಗಿಸಬೇಡಿ. ಒಣ ಕುಂಚದಿಂದ ಧೂಳು ಕೊಡವಿದರೆ ಆಯಿತು. ಐವತ್ತು ವರ್ಷ ಆದ ಮೇಲೆ ಅದು ನಿಮ್ಮ ಮೊಮ್ಮಕ್ಕಳ ಹಳೇ ವಸ್ತು ಅಲ್ವಾ?

ಬಟ್ಟೆಗೂ ಇದೇ ಮಾತನ್ನು ಅರ್ಧ ಒಪ್ಪುತ್ತೇನೆ. ಸಂಡೂರಿನ ಲಂಬಾಣಿ ಕಸೂತಿಯ ಹೊಸ ಕೆಲಸ ಚೆಂದ ಇರುತ್ತದೆ, ಧಾರಾಳವಾಗಿ ಕೊಳ್ಳಿ. ಆದರೆ ಕೌದಿ ಹಳೆಯದೇ ಇರಲಿ. ಅಜ್ಜಿಯ ಸೀರೆ, ಅಜ್ಜನ ಅಂಗಿ, ಮಗುವಿನ ಲಂಗ ಎಲ್ಲ ಒಂದರಲ್ಲಿ ಕೂತಿರುವ ಕೌದಿಯನ್ನು ಹೊಸದಾಗಿ ಕೊಳ್ಳಲು ಬರುವುದಿಲ್ಲ. ನಿಮ್ಮ ಮನೆಯ ಅಟ್ಟದಲ್ಲೇ ಇರಬಹುದು, ಮೊದಲು ಅಲ್ಲಿ ನೋಡಿ.

ಗಡಿಯಾರ, ರೇಡಿಯೋ, ಗ್ರಾಮಫೋನ್

ಇವು ಓಡಿದರೆ ಚೆಂದ, ನಿಂತರೆ ಭಾರ. ಕೀಲಿ ಕೊಡುವ ಗೋಡೆ ಗಡಿಯಾರ ಕೊಳ್ಳುವ ಮುಂಚೆ ನಿಮ್ಮ ಊರಲ್ಲಿ ಅದನ್ನು ಬಿಚ್ಚಿ ಕೂಡಿಸುವವರು ಇದ್ದಾರಾ ಅಂತ ಕೇಳಿಕೊಳ್ಳಿ. ಇಲ್ಲದಿದ್ದರೆ ಬೇಡ. ವಾಲ್ವ್ ರೇಡಿಯೋ ತಂದರೆ ನೇರವಾಗಿ ಪ್ಲಗ್ ಹಾಕಬೇಡಿ, ಒಳಗಿನ ತಂತಿಯ ಹೊದಿಕೆ ಪುಡಿಯಾಗಿರುತ್ತದೆ. ಮೊದಲು ಬಲ್ಲವರಿಗೆ ತೋರಿಸಿ. ಒಂದು ಕಾಲಕ್ಕೆ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಮಾರುವವರ ಹತ್ತಿರ ಆ ಪುಟ್ಟ ಪುಸ್ತಕ ಇದ್ದರೆ ಅದನ್ನೂ ಕೇಳಿ ಪಡೆಯಿರಿ.

ಗ್ರಾಮಫೋನ್ ಬಗ್ಗೆ ನನ್ನದು ಕಟ್ಟುನಿಟ್ಟಿನ ಮಾತು. ಎಂಟು ಮೂಲೆಯ ಪೆಟ್ಟಿಗೆ, ಹೊಳೆಯುವ ಹಿತ್ತಾಳೆ ಕಹಳೆ, ಮೇಲೆ ನಾಯಿಯ ಚಿತ್ರ ಇರುವ ಯಂತ್ರಗಳು ಬಹುಪಾಲು ಹೊಸದಾಗಿ ಜೋಡಿಸಿದವು. ನಾನೂ ದೂರದ ಊರಿನ ಒಂದು ಅಂಗಡಿಯಲ್ಲಿ ಇದನ್ನೇ 'ಬ್ರಿಟಿಷರ ಕಾಲದ್ದು' ಅಂತ ನಂಬಿ ತಂದಿದ್ದೆ. ತಿರುಪುಗಳೆಲ್ಲ ಹೊಸವು, ಮರದ ಒಳಮೈ ಬೆಳ್ಳಗಿತ್ತು. ಪೆಟ್ಟಿಗೆ ಮುಚ್ಚಿ ಸೂಟ್‌ಕೇಸಿನಂತೆ ಒಯ್ಯುವ ಗ್ರಾಮಫೋನನ್ನು ನೋಡುವುದು ಒಳ್ಳೆಯದು. ಕಣ್ಣು ಕುಕ್ಕುವುದಿಲ್ಲ, ಅದಕ್ಕೇ ಅದರ ನಕಲು ಮಾಡುವವರೂ ಕಡಿಮೆ.

ನಾಣ್ಯಕ್ಕೆ ಒಂದೇ ಸೂತ್ರ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. 1940ರಿಂದ ಅದರಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರ ರೂಪಾಯಿ ನಿಕ್ಕಲ್‌ನದು. ನಿಕ್ಕಲ್ ಮ್ಯಾಗ್ನೆಟ್ಟಿಗೆ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ. ಸಣ್ಣ ತಕ್ಕಡಿ ಮತ್ತು ಮ್ಯಾಗ್ನೆಟ್ ಇದ್ದರೆ ಅರ್ಧ ಮೋಸ ತಪ್ಪುತ್ತದೆ. ಪಿಂಗಾಣಿಯಾದರೆ ಬೋರಲು ಹಾಕಿ ಮುದ್ರೆ ಓದಿ. 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಅಂತ ಇದ್ದರೆ ಅದು ಎರಡನೇ ಮಹಾಯುದ್ಧದ ನಂತರ ಜಪಾನ್ ಪರರ ಆಡಳಿತದಲ್ಲಿದ್ದ, 1952ಕ್ಕೆ ಮುಗಿದ ವರ್ಷಗಳದ್ದು.

ಎಷ್ಟೇ ಚೆಂದವಿದ್ದರೂ ತರಬಾರದವು

ನಮ್ಮ ನೆಲದಲ್ಲಿ ಕಾಲಿಟ್ಟಲ್ಲೆಲ್ಲ ಹಳೆಯದು ಇದೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ನವಶಿಲಾಯುಗದವರು ಕಲ್ಲಿನ ಕೊಡಲಿ ಮಾಡಿದ್ದಾರೆ. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಸಿಕ್ಕಿತು. ಕೊಪ್ಪಳದ ಗವಿಮಠದ ಬಂಡೆಯಲ್ಲೂ ಪಾಲ್ಕಿಗುಂಡಿನಲ್ಲೂ ಅವನ ಶಾಸನಗಳಿವೆ. ಹಿರೇಬೆಣಕಲ್ಲಿನಲ್ಲಿ ಪ್ರಾಚೀನ ಸಮಾಧಿಗಳಾದ ಕಲ್ಲುಮನೆಗಳ ಸಾಲೇ ಇದೆ. ಆನೆಗೊಂದಿ, ಹಂಪಿಯ ಮಾತು ಹೇಳುವುದೇ ಬೇಡ. ಹೊಲ ಉಳುವಾಗ ಸಿಕ್ಕ ಮಣ್ಣಿನ ಗೊಂಬೆ, ಕಲ್ಲಿನ ಕೊಡಲಿ, ಗುಡಿಯ ಮುರಿದ ಕಂಬದ ತುಂಡು, ನಾಗರಕಲ್ಲು, ವೀರಗಲ್ಲು 'ಹಾಲಿಗೆ ಚೆಂದ ಕಾಣ್ತದ ರೀ' ಅಂತ ಯಾರಾದರೂ ತಂದುಕೊಟ್ಟರೆ ಒಪ್ಪಬೇಡಿ. ಅದು ಸಿಕ್ಕ ಜಾಗದಲ್ಲಿದ್ದರೆ ಮಾತ್ರ ಮಾತಾಡುತ್ತದೆ. ಕಿತ್ತು ಟೀವಿಯ ಪಕ್ಕ ಇಟ್ಟ ದಿನ ಮೂಕ ಆಗುತ್ತದೆ. ನೋಡುವ ಆಸೆಗೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ, ಕಮಲಾಪುರದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಹಳೇ ಕೆಲಸ ಹೇಗಿರುತ್ತದೆ ಅಂತ ಕಣ್ಣು ಪಳಗಿಸಲು ಇವು ಒಳ್ಳೆಯ ಶಾಲೆ.

ಕಾನೂನೂ ಸ್ಪಷ್ಟ ಇದೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಕಲಾವಸ್ತು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಅದರ ಲೆಕ್ಕಕ್ಕೆ ಬರುತ್ತವೆ. ಅಂಥವನ್ನು ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಕಲ್ಲು, ಲೋಹ, ಮರದ ಶಿಲ್ಪ, ವರ್ಣಚಿತ್ರ, ಚಿತ್ರ ಇರುವ ಹಸ್ತಪ್ರತಿ ಇದ್ದವರು ಪುರಾತತ್ವ ಇಲಾಖೆಯ ನೋಂದಣಿ ಅಧಿಕಾರಿಯ ಹತ್ತಿರ ನೋಂದಾಯಿಸಬೇಕು. ಖಾಸಗಿಯವರು ಅಂಥ ವಸ್ತುವನ್ನು ವಿದೇಶಕ್ಕೆ ಕಳಿಸುವಂತಿಲ್ಲ, ಅಮೆರಿಕದ ಮಗನಿಗೆ ಉಡುಗೊರೆ ಅಂತಲೂ ಇಲ್ಲ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಆನೆದಂತದ ವ್ಯಾಪಾರ ಪೂರ್ತಿ ನಿಷೇಧ. ಎಷ್ಟು ಸಣ್ಣ ಪೆಟ್ಟಿಗೆಯಾದರೂ ಕೈ ಹಾಕಬೇಡಿ.

ಕಾನೂನಿನ ಆಚೆಗೂ ಒಂದು ಗೆರೆ ಇದೆ. ಯಾರದೋ ಜಗಲಿಯ ದೇವರು, ಮೊಹರಮ್ಮಿನ ಪಂಜಾ (ಮೆರವಣಿಗೆಯ ಲೋಹದ ಹಸ್ತ), ಗುಡಿಯ ಗಂಟೆ ಇವು ಅಲಂಕಾರದ ಸಾಮಾನಲ್ಲ. ಮುದಗಲ್ಲಿನ ಮೊಹರಮ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲಿ ಕೊಳ್ಳುವುದು

ಶೋರೂಮ್, ಆನ್‌ಲೈನ್, ಮೋಡಕಾ (ಗುಜರಿ) ಅಂಗಡಿ, ಪಾತ್ರೆ ಅಂಗಡಿ, ಮಾರುವವರ ಮನೆ. ಈ ಐದರಲ್ಲಿ ನನ್ನ ಮತ ಪಾತ್ರೆ ಅಂಗಡಿಗೆ. ಹಳೇ ಪಾತ್ರೆ ಹಾಕಿ ಹೊಸ ಸ್ಟೀಲು ಒಯ್ಯುವವರು ಅಲ್ಲಿಗೇ ಬರುತ್ತಾರೆ. ಮದುವೆಯ ಹಂಗಾಮಿನಲ್ಲಿ, ದೀಪಾವಳಿಯ ಮುಂಚೆ ಜಾಸ್ತಿ. ಅಂಗಡಿಯವರು ಅದನ್ನು ತೂಕಕ್ಕೆ ಕೊಂಡು ಕರಗಿಸಲು ಕಳಿಸುತ್ತಾರೆ. ಕರಗುವ ಮುಂಚೆ ನೀವು ಹೋಗಬೇಕು. ಪರಿಚಯ ಮಾಡಿಕೊಂಡು, 'ಹೆಸರಿರೋದು, ಕೈಕೆಲಸದ್ದು ಬಂದ್ರ ಒಂದ್ ಫೋನ್ ಮಾಡ್ರಿ' ಅಂತ ಹೇಳಿಟ್ಟರೆ ಕರೆಯುತ್ತಾರೆ. ತೂಕದ ಬೆಲೆಯ ಮೇಲೆ ಸ್ವಲ್ಪ ಹೆಚ್ಚು ಕೊಟ್ಟರೆ ಅವರಿಗೂ ಖುಷಿ, ಪಾತ್ರೆಯೂ ಉಳಿಯಿತು.

ಮೋಡಕಾ ಅಂಗಡಿಯಲ್ಲಿ ಬೆಲೆ ಇನ್ನೂ ಕಡಿಮೆ. ಆದರೆ ವಸ್ತು ಎಲ್ಲಿಂದ ಬಂತು ಅನ್ನುವುದು ಸಿಗುವುದಿಲ್ಲ, ಕಳ್ಳಮಾಲಿನ ಭಯವೂ ಇದೆ. ರಸೀದಿ ಕೇಳಿ. ಆನ್‌ಲೈನಿನಲ್ಲಿ ತಳದ ಫೋಟೋ, ತೂಕ, ಮ್ಯಾಗ್ನೆಟ್ ಇಟ್ಟ ವಿಡಿಯೋ ಮೂರೂ ಕೊಟ್ಟವರ ಹತ್ತಿರ ಮಾತ್ರ ಮಾತು ಮುಂದುವರಿಸಿ. ಶೋರೂಮಿನಲ್ಲಿ ನೋಡಿ ಕಲಿಯಿರಿ, ಸುಮ್ನೆ ಮುಜುಗರಕ್ಕೆ ಕೊಳ್ಳಬೇಡಿ.

ಮನೆಗೆ ಹೋಗಿ ಕೊಳ್ಳುವುದಾದರೆ ಚೌಕಾಸಿ ಮಿತಿಯಲ್ಲಿರಲಿ. ಕಷ್ಟಕ್ಕೆ ಮಾರುವವರ ಹತ್ತಿರ ತೂಕದ ಬೆಲೆಗೆ ಕೈಕೆಲಸದ ವಸ್ತು ಕಿತ್ತುಕೊಳ್ಳುವುದು ನ್ಯಾಯ ಅಲ್ಲ. ಅದರ ಬೆಲೆ ನಿಮಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲದಿದ್ದರೆ ಹೇಳಿಬಿಡಿ. ಒಮ್ಮೆ ಗಂಗಾವತಿ ಕಡೆಯ ಒಂದು ಮನೆಯಲ್ಲಿ ಸಮೆಯ ಬೆಲೆ ಹೇಳಿದ ಮೇಲೆ ಆ ಅಜ್ಜಿ 'ಹಂಗಾರ ನಾ ಕೊಡಂಗಿಲ್ಲ ಯವ್ವಾ, ಮೊಮ್ಮಗಳಿಗೆ ಇಡ್ತೀನಿ' ಅಂದರು. ಚಹಾ ಕುಡಿದು ಬಂದೆ.

ವಸ್ತು ಮನೆಗೆ ಬಂದ ದಿನವೇ ಒಂದು ಪುಸ್ತಕದಲ್ಲಿ ಬರೆದಿಡಿ. ಯಾರ ಮನೆಯದು, ಯಾವ ಊರು, ಅವರು ಅದನ್ನು ಏನಂತ ಕರೆಯುತ್ತಿದ್ದರು, ಯಾವುದಕ್ಕೆ ಬಳಸುತ್ತಿದ್ದರು, ಎಷ್ಟು ಕೊಟ್ಟಿರಿ, ಯಾವ ತಾರೀಖು. ರಸೀದಿಯನ್ನು ಅದೇ ಪುಟಕ್ಕೆ ಪಿನ್ ಮಾಡಿ, ತಳದ ಫೋಟೋ ಒಂದು ತೆಗೆದಿಡಿ. ನನ್ನ ಪುಸ್ತಕದ ಮೊದಲ ಪುಟದಲ್ಲಿ ಅಪ್ಪನ ಪಾನ್‌ದಾನ್ ಇದೆ. 'ಸುಣ್ಣದ ಡಬ್ಬಿಯ ಮುಚ್ಚಳ ಕಳೆದಿದೆ, ಅಮ್ಮಾಯಿ (ಅಜ್ಜಿ) ಹೇಳಿದ್ದು: ಅದು ಬೆಳ್ಳಿಯದು, ಬರಗಾಲದ ವರ್ಷ ಮಾರಿದೆವು' ಅಂತ ಬರೆದುಕೊಂಡಿದ್ದೇನೆ. ಆ ಮುಚ್ಚಳದ ಜಾಗಕ್ಕೆ ಹೊಸದು ಮಾಡಿಸಿಲ್ಲ.